ಮಾತಿಗೆ ತಕ್ಕ ಆಧಾರ: ಆರರಿಂದ ಎಂಟನೇ ತರಗತಿಯ ಮಕ್ಕಳ ಪ್ರಬಂಧ ಬರವಣಿಗೆಗೆ ಒಂದು ಕೈಪಿಡಿ

ಆರನೇ ತರಗತಿಗೆ ಬರುವ ಹೊತ್ತಿಗೆ ನಮ್ಮ ಮಕ್ಕಳಿಗೆ ಪ್ರಬಂಧದ ಚೌಕಟ್ಟು ಚೆನ್ನಾಗಿ ಗೊತ್ತಿರುತ್ತದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ತಲೆಬರಹಗಳನ್ನು ಯಾರೂ ಹೇಳಿಕೊಡದೆಯೇ ಹಾಕಿಕೊಳ್ಳುತ್ತಾರೆ; ಪೀಠಿಕೆಯಲ್ಲಿ ಒಂದು ಗಾದೆಯನ್ನೋ ವಚನದ ಸಾಲನ್ನೋ ಇಟ್ಟು, ಉಪಸಂಹಾರವನ್ನು ‘ಆದ್ದರಿಂದ ನಾವೆಲ್ಲರೂ ಪರಿಸರವನ್ನು ಉಳಿಸೋಣ’ ಎಂದು ಮುಗಿಸುತ್ತಾರೆ. ತೊಂದರೆ ಇರುವುದು ನಡುವಿನ ಭಾಗದಲ್ಲಿ. ಅಲ್ಲಿ ‘ಎಲ್ಲರಿಗೂ ತಿಳಿದಿರುವಂತೆ’, ‘ವಿಜ್ಞಾನಿಗಳ ಪ್ರಕಾರ’, ‘ಒಂದು ಸಮೀಕ್ಷೆಯಂತೆ’ ಎಂಬ ಮಾತುಗಳು ಸಾಲುಸಾಲಾಗಿ ಬರುತ್ತವೆ. ಯಾವ ವಿಜ್ಞಾನಿ, ಯಾವ ಸಮೀಕ್ಷೆ, ಅದು ಯಾವ ವರ್ಷದ್ದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಮಗು ಸುಳ್ಳು ಬರೆದಿದೆ ಎಂದು ಇದರ ಅರ್ಥವಲ್ಲ. ಹೇಳಿದ ಮಾತಿಗೆ ಆಧಾರ ಕೊಡಬೇಕು, ಆ ಆಧಾರ ನಂಬುವಂಥದ್ದಾಗಿರಬೇಕು ಎಂಬುದನ್ನು ನಾವು ಅದಕ್ಕೆ ಕಲಿಸಿಲ್ಲ, ಅಷ್ಟೇ.

ಈ ಕೈಪಿಡಿಯನ್ನು ಬೆಂಗಳೂರಿನ ಶಾಲೆಗಳಲ್ಲಿ ಕನ್ನಡ, ಸಮಾಜ ವಿಜ್ಞಾನ ಮತ್ತು ವಿಜ್ಞಾನ ಕಲಿಸುವ ಶಿಕ್ಷಕರನ್ನೂ, ಮನೆಯಲ್ಲಿ ಮಕ್ಕಳ ಪ್ರಾಜೆಕ್ಟ್‌ ಕೆಲಸಕ್ಕೆ ಜೊತೆಯಾಗಿ ಕೂರುವ ತಂದೆತಾಯಂದಿರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಉದಾಹರಣೆಗಳೆಲ್ಲ ಈ ಊರಿನವೇ, ಏಕೆಂದರೆ ಮಗು ತನ್ನ ಕಣ್ಣೆದುರಿಗಿರುವ ವಿಷಯದ ಬಗ್ಗೆ ಬರೆಯುವಾಗ ಆಧಾರವನ್ನು ತಾನೇ ಹುಡುಕಿ, ತಾನೇ ಪರೀಕ್ಷಿಸಬಲ್ಲದು.

ಮೂರು ಭಾಗಗಳು

ಪ್ರಬಂಧದ ಪ್ರತಿಯೊಂದು ಪ್ಯಾರಾದಲ್ಲಿ ಮೂರು ಅಂಶಗಳಿರಬೇಕು ಎಂದು ಮಕ್ಕಳಿಗೆ ಮೊದಲೇ ಹೇಳಿ. ಒಂದು, ನಾನು ಏನನ್ನು ಹೇಳುತ್ತಿದ್ದೇನೆ ಎಂಬ ಹೇಳಿಕೆ. ಎರಡು, ಅದು ನಿಜವೆಂದು ತೋರಿಸುವ ಆಧಾರ. ಮೂರು, ಈ ಆಧಾರದಿಂದ ಆ ಹೇಳಿಕೆ ಹೇಗೆ ಸಿದ್ಧವಾಗುತ್ತದೆ ಎಂಬ ವಿವರಣೆ. ಮೊದಲನೆಯದು ಎಲ್ಲ ಮಕ್ಕಳಿಗೂ ಬರುತ್ತದೆ, ಎರಡನೆಯದನ್ನು ಕೇಳಿದರೆ ತರುತ್ತಾರೆ, ಮೂರನೆಯದನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಒಂದು ಅಂಕಿಯನ್ನು ಬರೆದು ಮುಂದಿನ ವಿಷಯಕ್ಕೆ ಹೋದರೆ ಓದುವವರಿಗೆ ಅದು ಅಲ್ಲಿ ಏಕೆ ಬಂತು ಎಂದೇ ತಿಳಿಯುವುದಿಲ್ಲ. ಆದ್ದರಿಂದ ಆಧಾರದ ಬೆನ್ನಿಗೇ ‘ಇದರಿಂದ ತಿಳಿಯುವುದೇನೆಂದರೆ’ ಎಂದು ಆರಂಭವಾಗುವ ಒಂದು ವಾಕ್ಯವನ್ನು ಬರೆಯುವ ಅಭ್ಯಾಸ ಮಾಡಿಸಿ. ಕೆಲವು ತಿಂಗಳಾದ ಮೇಲೆ ಆ ಪದಗಳು ತಾವಾಗಿಯೇ ಬಿಟ್ಟುಹೋಗಿ, ವಿವರಿಸುವ ಕ್ರಮ ಮಾತ್ರ ಉಳಿಯುತ್ತದೆ.

ಗಾದೆಯ ಬಗ್ಗೆ ಇಲ್ಲಿಯೇ ಒಂದು ಮಾತು. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಕೇಳಿ ಬೆಳೆದ ಮಕ್ಕಳು ಗಾದೆಯನ್ನೇ ಪುರಾವೆಯಾಗಿ ಇಡುವುದು ಸಹಜ. ಗಾದೆ ಮಾತಿಗೆ ಕಳೆ ತರುತ್ತದೆ, ಪೀಠಿಕೆಯಲ್ಲಿ ಅದಕ್ಕೆ ಜಾಗವಿರಲಿ. ಆದರೆ ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಬರೆದ ಮಾತ್ರಕ್ಕೆ ರೈತನಿಗೆ ಅವನ ಬೆಳೆಗೆ ತಕ್ಕ ಬೆಲೆ ಸಿಗುತ್ತಿದೆ ಎಂದು ಸಿದ್ಧವಾಗುವುದಿಲ್ಲ. ಈ ವ್ಯತ್ಯಾಸ ಏಳನೇ ತರಗತಿಯ ಮಗುವಿಗೆ ಒಂದೇ ಸಲ ಹೇಳಿದರೂ ಅರ್ಥವಾಗುತ್ತದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಎಚ್ಚರಿಸುವುದೂ ನಮ್ಮ ಗಾದೆಯೇ ಎಂಬುದನ್ನು ಆಗ ನೆನಪಿಸಬಹುದು.

ಹೇಳಿಕೆಯ ಅಳತೆ

ಆಧಾರ ಹುಡುಕಲು ಹೊರಡುವ ಮೊದಲು ಹೇಳಿಕೆಯನ್ನು ಅಳೆಯಬೇಕು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ತಿರುಳು ಇದು. ಮಕ್ಕಳ ಬರವಣಿಗೆ ದುರ್ಬಲವಾಗುವುದು ಆಧಾರ ಕಡಿಮೆಯಾಗಿರುವುದರಿಂದ ಅಲ್ಲ. ಇರುವ ಆಧಾರಕ್ಕಿಂತ ಹೇಳಿಕೆ ಬಹಳ ದೊಡ್ಡದಾಗಿರುವುದರಿಂದ. ‘ಎಲ್ಲರೂ’, ‘ಯಾವಾಗಲೂ’, ‘ಮೊಟ್ಟಮೊದಲ’, ‘ಅತ್ಯಂತ ದೊಡ್ಡ’ ಎಂಬ ಪದಗಳು ವಾಕ್ಯಕ್ಕೆ ಸೇರಿದ ಕೂಡಲೇ ಬರೆಯುವವರ ಹೊಣೆ ನೂರು ಪಟ್ಟು ಬೆಳೆಯುತ್ತದೆ.

ಬೆಂಗಳೂರಿನ ಬಗ್ಗೆ ಬರೆದ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ವಾಕ್ಯವನ್ನೇ ತೆಗೆದುಕೊಳ್ಳೋಣ: ‘ಏಷ್ಯಾ ಖಂಡದಲ್ಲೇ ಮೊಟ್ಟಮೊದಲು ವಿದ್ಯುತ್ ಬೀದಿದೀಪ ಬೆಳಗಿದ ನಗರ ಬೆಂಗಳೂರು.’ ಈ ಮಾತನ್ನು ಸಮರ್ಥಿಸಲು ಮಗು ಹೊರಟಿತೆಂದು ಇಟ್ಟುಕೊಳ್ಳಿ. ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸಲು ಆರಂಭಿಸಿತು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂತು ಎಂಬ ಮಾಹಿತಿ ಅದಕ್ಕೆ ಸುಲಭವಾಗಿ ಸಿಗುತ್ತದೆ. ಆದರೆ ಈ ಮಾಹಿತಿ ಬೆಂಗಳೂರಿನಲ್ಲಿ ಏನಾಯಿತು ಎಂಬುದನ್ನಷ್ಟೇ ಹೇಳುತ್ತದೆ. ‘ಏಷ್ಯಾದಲ್ಲೇ ಮೊದಲು’ ಎನ್ನಬೇಕಾದರೆ ಏಷ್ಯಾದ ಉಳಿದ ಯಾವ ನಗರದಲ್ಲೂ ಅದಕ್ಕೆ ಮುಂಚೆ ವಿದ್ಯುತ್ ಬೀದಿದೀಪ ಇರಲಿಲ್ಲ ಎಂದು ತೋರಿಸಬೇಕಾಗುತ್ತದೆ, ಮತ್ತು ಅದನ್ನು ತೋರಿಸಲಾಗದು, ಏಕೆಂದರೆ ಚೀನಾದ ಶಾಂಘೈ ನಗರದಲ್ಲಿ 1882ರಲ್ಲೇ ವಿದ್ಯುತ್ ಆರ್ಕ್ ದೀಪಗಳು ಬೀದಿಯಲ್ಲಿ ಬೆಳಗಿದ್ದವು. ನೂರು ಜಾಲತಾಣಗಳು ಅದೇ ಮಾತನ್ನು ಒಂದರಿಂದೊಂದು ನಕಲು ಮಾಡಿ ಹಾಕಿದ್ದರೂ ಅವು ನೂರು ಆಧಾರಗಳಾಗುವುದಿಲ್ಲ. ಒಂದೇ ಮಾತು ನೂರು ಬಾರಿ ಕೇಳಿಸಿದಂತಾಗುತ್ತದೆ.

ಇಂಥ ಸಂದರ್ಭದಲ್ಲಿ ಮಗುವಿನ ಇಡೀ ಪ್ಯಾರಾವನ್ನು ಹೊಡೆದುಹಾಕುವ ಅಗತ್ಯವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿಗೂ ಸಲ್ಲುತ್ತದೆ: ಆಧಾರವಿರುವಷ್ಟೇ ಹೇಳಿಕೆಯನ್ನು ಉಳಿಸಿಕೊಂಡರೆ ಸಾಕು. ‘ಶಿವನಸಮುದ್ರದಲ್ಲಿ ಉತ್ಪಾದನೆಯಾದ ಜಲವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು’ ಎಂಬ ವಾಕ್ಯದಲ್ಲಿ ಬೆಂಗಳೂರಿನ ಹಿರಿಮೆ ಏನೂ ಕಡಿಮೆಯಾಗಿಲ್ಲ, ಮತ್ತು ಅದನ್ನು ಯಾರೂ ಅಲ್ಲಗಳೆಯಲಾರರು. ಹೇಳಿಕೆಯನ್ನು ಹೀಗೆ ತಗ್ಗಿಸುವುದನ್ನು ಮಕ್ಕಳು ಮೊದಮೊದಲು ಸೋಲೆಂದು ಭಾವಿಸುತ್ತಾರೆ. ಅದು ಸೋಲಲ್ಲ, ಬರೆಯುವವರ ಮುಖ್ಯವಾದ ಕೆಲಸ ಎಂದು ನಾವು ಅಂಕ ಕೊಟ್ಟು ತೋರಿಸಿದರೆ ಮಾತ್ರ ನಂಬುತ್ತಾರೆ.

ಯಾರ ಮಾತನ್ನು ನಂಬಬೇಕು

ಮೂಲವೊಂದನ್ನು ಪರೀಕ್ಷಿಸಲು ಮಕ್ಕಳಿಗೆ ಉದ್ದನೆಯ ಪಟ್ಟಿ ಬೇಕಿಲ್ಲ. ಇದನ್ನು ಹೇಳಿದವರು ಯಾರು, ಅವರಿಗೆ ಇದು ಹೇಗೆ ಗೊತ್ತಾಯಿತು ಎಂಬ ಎರಡು ಪ್ರಶ್ನೆಗಳು ಸಾಕು. ಉಳಿದವು ಇವುಗಳಿಂದಲೇ ಹುಟ್ಟುತ್ತವೆ. ಎರಡನೆಯ ಪ್ರಶ್ನೆಗೆ ಹೆಚ್ಚು ತೂಕ ಕೊಡಿ. ಹೆಸರಾಂತ ವ್ಯಕ್ತಿಯೊಬ್ಬರು ತಮಗೆ ಸಂಬಂಧವಿಲ್ಲದ ವಿಷಯದ ಬಗ್ಗೆ ಹೇಳಿದ ಮಾತಿಗಿಂತ, ಬಡಾವಣೆಗೆ ನೀರು ಬಿಡುವ ಜಲಮಂಡಳಿಯ ವಾಲ್ವ್‌ಮನ್ ‘ಈ ರಸ್ತೆಗೆ ವಾರದಲ್ಲಿ ಎರಡು ದಿನ ನೀರು ಬಿಡುತ್ತೇವೆ’ ಎಂದು ಹೇಳುವ ಮಾತು ಗಟ್ಟಿಯಾದ ಆಧಾರ, ಏಕೆಂದರೆ ನೀರು ಬಿಡುವವರು ಅವರೇ. ಅದೇ ವಾಲ್ವ್‌ಮನ್ ಇಡೀ ನಗರದ ನೀರಿನ ಪರಿಸ್ಥಿತಿಯ ಬಗ್ಗೆ ಹೇಳಿದರೆ ಅದು ಅವರ ಅಭಿಪ್ರಾಯ ಮಾತ್ರ. ಅದಕ್ಕೆ ಮಂಡಳಿಯ ಅಂಕಿಅಂಶಗಳನ್ನೇ ನೋಡಬೇಕು. ಬೇಸಿಗೆಯಲ್ಲಿ ನೀರಿನ ಕೊರತೆ ಎಷ್ಟೆಂದು ಟ್ಯಾಂಕರ್ ನೀರು ಮಾರುವವರನ್ನು ಕೇಳಿದರೆ, ಅವರ ಉತ್ತರದಲ್ಲಿ ಅವರ ಲಾಭವೂ ಸೇರಿರಬಹುದು ಎಂಬುದನ್ನು ಮಗು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೇರಿರಬಹುದು ಎಂದಷ್ಟೇ ಹೇಳಬೇಕು, ಅವರು ಸುಳ್ಳು ಹೇಳುತ್ತಾರೆಂದು ಕಲಿಸಬಾರದು.

ಮನೆಯ ಹಿರಿಯರ ನೆನಪನ್ನು ಅನೇಕ ಶಿಕ್ಷಕರು ‘ಇದು ಆಧಾರವಲ್ಲ’ ಎಂದು ತಳ್ಳಿಹಾಕುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ‘ನಾವು ಮಲ್ಲೇಶ್ವರದಲ್ಲಿದ್ದಾಗ ಬೇಸಿಗೆಯಲ್ಲೂ ಫ್ಯಾನ್ ಹಾಕುತ್ತಿರಲಿಲ್ಲ’ ಎಂದು ಅಜ್ಜಿ ಹೇಳಿದರೆ, ಆ ಕಾಲದಲ್ಲಿ ಆ ಮನೆಯಲ್ಲಿ ಜನ ಹೇಗೆ ಬದುಕಿದ್ದರು ಎಂಬುದಕ್ಕೆ ಅದು ಉತ್ತಮ ಆಧಾರ; ಅಂಥದ್ದು ಯಾವ ಇಲಾಖೆಯ ದಾಖಲೆಯಲ್ಲೂ ಸಿಗದು. ಆದರೆ ನಗರದ ಉಷ್ಣಾಂಶ ಏರಿದೆ ಎಂಬ ಹೇಳಿಕೆಗೆ ಅದೊಂದೇ ಸಾಲದು. ಆಗ ಮಗು ಹವಾಮಾನ ಇಲಾಖೆಯ ದಾಖಲೆಗೆ ಹೋಗಬೇಕು. ಅಲ್ಲಿ 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾದದ್ದು ಕಾಣುತ್ತದೆ, ಮತ್ತು ಮಗು ಸಂತೋಷದಿಂದ ಅದನ್ನೇ ಪುರಾವೆಯೆಂದು ತರುತ್ತದೆ. ಅಲ್ಲಿಯೂ ತಡೆದು ಕೇಳಬೇಕು: ಒಂದು ದಿನದ ಬಿಸಿಲು ಒಂದು ದಿನದ ಬಗ್ಗೆ ಮಾತ್ರ ಹೇಳುತ್ತದೆ, ಊರು ಬಿಸಿಯಾಗುತ್ತಿದೆ ಎನ್ನಲು ಹಲವು ವರ್ಷಗಳ ಸರಾಸರಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕಲ್ಲವೇ? ಅಜ್ಜಿಯ ನೆನಪು ಮತ್ತು ಇಲಾಖೆಯ ಸರಾಸರಿ ಒಟ್ಟಿಗೆ ಬಂದ ಪ್ಯಾರಾ, ಎರಡರಲ್ಲಿ ಒಂದೇ ಇರುವ ಪ್ಯಾರಾಕ್ಕಿಂತ ಎಷ್ಟೋ ಮೇಲು.

ಬೇರೆ ಬೇರೆ ಬಗೆಯ ಆಧಾರಗಳು ಒಂದೇ ಕಡೆಗೆ ಬೆರಳು ತೋರಿಸಿದಾಗ ಹೇಳಿಕೆ ಬಲವಾಗುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು ಎಂಬುದಕ್ಕೆ ಹಳೆಯ ನಕ್ಷೆಗಳು ಒಂದು ಆಧಾರವಾದರೆ, ಪಕ್ಕದಲ್ಲೇ ಇಂದಿಗೂ ಟ್ಯಾಂಕ್ ಬಂಡ್ ರಸ್ತೆ, ಅಂದರೆ ಕೆರೆಯ ಏರಿಯ ಹೆಸರನ್ನೇ ಹೊತ್ತ ರಸ್ತೆ, ಇರುವುದು ಇನ್ನೊಂದು. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದು ನಕ್ಷೆಯನ್ನು ಕೈಯಲ್ಲಿಟ್ಟು ತೋರಿಸುವುದು, ತರಗತಿಯಲ್ಲಿ ಹತ್ತು ಬಾರಿ ವಿವರಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಂದೇಶ ಎಲ್ಲಿಂದ ಹೊರಟಿತೆಂದು ತಿಳಿಯದಿದ್ದರೆ ಅದನ್ನು ಬಳಸಕೂಡದು. ವಿಕಿಪೀಡಿಯವನ್ನು ಓದಲಿ, ಆದರೆ ಅಲ್ಲಿ ನಿಲ್ಲದೆ ಅಡಿಟಿಪ್ಪಣಿಯಲ್ಲಿರುವ ಮೂಲಕ್ಕೆ ಹೋಗಲಿ. ಚಾಟ್‌ಬಾಟ್‌ಗಳು ಸರಾಗವಾದ ಕನ್ನಡದಲ್ಲಿ ತಪ್ಪು ವರ್ಷವನ್ನೂ ಇಲ್ಲದ ಪುಸ್ತಕದ ಹೆಸರನ್ನೂ ಕೊಡಬಲ್ಲವು. ಅವು ಹೇಳಿದ್ದು ಬೇರೊಂದು ನಂಬುವಂಥ ಕಡೆ ಸಿಗುವವರೆಗೆ ಅದು ಆಧಾರವಲ್ಲ. ಪತ್ರಿಕೆಯಲ್ಲಿ ವರದಿ ಯಾವುದು, ಸಂಪಾದಕೀಯ ಪುಟದ ಅಭಿಪ್ರಾಯ ಯಾವುದು, ಸುದ್ದಿಯ ವೇಷದ ಜಾಹೀರಾತು ಯಾವುದು ಎಂಬುದನ್ನು ಒಂದೇ ದಿನದ ಪತ್ರಿಕೆಯನ್ನು ಹರಡಿಕೊಂಡು ಗುರುತಿಸಲು ಹೇಳಿ. ಕಬ್ಬನ್ ಪಾರ್ಕಿನ ಒಳಗಿರುವ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಗ್ಯಾಸೆಟಿಯರ್‌ಗಳೂ (ಊರು, ಜಿಲ್ಲೆಗಳ ಬಗ್ಗೆ ಸರ್ಕಾರ ಹೊರತರುವ ವಿವರ ಗ್ರಂಥಗಳು) ಹಳೆಯ ಪುಸ್ತಕಗಳೂ ಇವೆ; ಕನ್ನಡದಲ್ಲೇ ಓದಬಯಸುವ ಮಕ್ಕಳಿಗೆ ಸರ್ಕಾರದ ಕಣಜ ಜಾಲತಾಣ ಒಳ್ಳೆಯ ಆರಂಭ.

ಅಂಕಿಗಳ ಎದುರು ಎಚ್ಚರ

ಅಂಕಿ ಕಂಡರೆ ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ನಂಬಿಕೆ ಹುಟ್ಟುತ್ತದೆ. ಅದಕ್ಕಾಗಿಯೇ ಅಂಕಿಯನ್ನು ಬಳಸುವ ಮೊದಲು ಅದು ಯಾವ ಪ್ರದೇಶದ್ದು, ಯಾವ ವರ್ಷದ್ದು, ಎಣಿಸಿದ್ದೋ ಅಂದಾಜು ಮಾಡಿದ್ದೋ ಎಂದು ಕೇಳುವುದು ಅಗತ್ಯ.

ಇದಕ್ಕೆ ಬೆಂಗಳೂರಿನ ಜನಸಂಖ್ಯೆಗಿಂತ ಒಳ್ಳೆಯ ಪಾಠವಿಲ್ಲ. 2001ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಜನಸಂಖ್ಯೆ ಸುಮಾರು 43 ಲಕ್ಷ. 2011ರ ಜನಗಣತಿಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಜನಸಂಖ್ಯೆ ಸುಮಾರು 84.4 ಲಕ್ಷ. ಎರಡೂ ಅಧಿಕೃತ ಅಂಕಿಗಳು, ಎರಡೂ ಸರಿ. ಇವನ್ನು ಪಕ್ಕದಲ್ಲಿಟ್ಟು ‘ಹತ್ತು ವರ್ಷಗಳಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು ಎರಡು ಪಟ್ಟಾಯಿತು’ ಎಂದು ಬರೆದರೆ ಮಾತ್ರ ತಪ್ಪಾಗುತ್ತದೆ. 2007ರಲ್ಲಿ ಸುತ್ತಲಿನ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಪಾಲಿಕೆಯ ಗಡಿಯೇ ಹಿಗ್ಗಿತ್ತು. ಗಡಿ ಬದಲಾಗದ ಬೆಂಗಳೂರು ನಗರ ಜಿಲ್ಲೆಯನ್ನು ನೋಡಿದರೆ, 2001ರಲ್ಲಿ ಸುಮಾರು 65.4 ಲಕ್ಷವಿದ್ದ ಜನಸಂಖ್ಯೆ 2011ರಲ್ಲಿ 96.2 ಲಕ್ಷಕ್ಕೆ ಏರಿತು, ಅಂದರೆ ಶೇಕಡ 47ರಷ್ಟು ಹೆಚ್ಚಳ. ಅದೂ ಬಹಳ ದೊಡ್ಡ ಬೆಳವಣಿಗೆಯೇ. ಅದಕ್ಕೆ ಉತ್ಪ್ರೇಕ್ಷೆಯ ಅಗತ್ಯವಿಲ್ಲ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಆಗ ನಡೆಯದ ಕಾರಣ, ಆ ಬಳಿಕದ ಲೇಖನಗಳಲ್ಲಿ ಕಾಣುವ ಜನಸಂಖ್ಯೆಗಳೆಲ್ಲ ಅಂದಾಜುಗಳು ಎಂಬುದನ್ನೂ, ಅವನ್ನು ಬಳಸುವಾಗ ‘ಅಂದಾಜಿನ ಪ್ರಕಾರ’ ಎಂದು ಸೇರಿಸಬೇಕೆಂಬುದನ್ನೂ ಮಕ್ಕಳಿಗೆ ಹೇಳಿ. 2025ರಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದಿರುವುದರಿಂದ ಮುಂದಿನ ಅಂಕಿಗಳನ್ನು ಹಿಂದಿನವುಗಳೊಡನೆ ಹೋಲಿಸುವಾಗ ಇದೇ ಎಚ್ಚರ ಬೇಕಾಗುತ್ತದೆ.

ತರಗತಿಯಲ್ಲಿ ಮಕ್ಕಳೇ ಮಾಡುವ ಸಮೀಕ್ಷೆಗೂ ಇದೇ ನಿಯಮ. ನಲವತ್ತು ಸಹಪಾಠಿಗಳನ್ನು ಕೇಳಿ ಬಂದ ಉತ್ತರ ‘ನಮ್ಮ ತರಗತಿಯ ಮಕ್ಕಳ’ ಬಗ್ಗೆ ಹೇಳುತ್ತದೆ, ‘ಬೆಂಗಳೂರಿನ ಮಕ್ಕಳ’ ಬಗ್ಗೆ ಅಲ್ಲ.

ಒಂದು ಪ್ಯಾರಾವನ್ನು ತಿದ್ದುವ ಬಗೆ

ಮಳೆನೀರು ಸಂಗ್ರಹದ ಬಗ್ಗೆ ಮಗುವೊಂದು ಹೀಗೆ ಬರೆದಿದೆ ಎಂದುಕೊಳ್ಳೋಣ: ‘ಬೆಂಗಳೂರಿನಲ್ಲಿ ನೀರಿನ ಸಮಸ್ಯೆ ತುಂಬಾ ಇದೆ. ಎಲ್ಲರೂ ಮಳೆನೀರನ್ನು ಸಂಗ್ರಹಿಸಿದರೆ ನೀರಿನ ಸಮಸ್ಯೆಯೇ ಇರುವುದಿಲ್ಲ. ವಿಜ್ಞಾನಿಗಳೂ ಇದನ್ನೇ ಹೇಳುತ್ತಾರೆ.’

ಇಲ್ಲಿ ಮೂರು ವಾಕ್ಯಗಳೂ ಹೇಳಿಕೆಗಳೇ. ಆಧಾರ ಒಂದೂ ಇಲ್ಲ. ವಿಜ್ಞಾನಿಗಳನ್ನು ಬದಿಗಿಟ್ಟು, ಲೆಕ್ಕ ಹಾಕಲು ಹೇಳಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ ಎಂಬುದನ್ನು ಆರನೇ ತರಗತಿಯ ಗಣಿತದಿಂದಲೇ ತೋರಿಸಬಹುದು. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. ಸಾವಿರ ಚದರ ಅಡಿಯ ಚಾವಣಿಯೆಂದರೆ ಸುಮಾರು 93 ಚದರ ಮೀಟರ್. ಅಲ್ಲಿಗೆ ವರ್ಷಕ್ಕೆ ಸುಮಾರು 90,000 ಲೀಟರ್ ನೀರು ಬೀಳುತ್ತದೆ. ಹತ್ತರಲ್ಲಿ ಎರಡು ಭಾಗ ಸೋರಿ, ಆವಿಯಾಗಿ, ಮೊದಲ ಮಳೆಯ ಕೊಳೆಯೊಂದಿಗೆ ಹರಿದುಹೋಗುತ್ತದೆ ಎಂದು ಇಟ್ಟುಕೊಂಡರೂ 72,000 ಲೀಟರ್ ಉಳಿಯುತ್ತದೆ. ನಗರದ ನೀರು ಪೂರೈಕೆಗೆ ಕೇಂದ್ರ ಸರ್ಕಾರದ ಕೈಪಿಡಿ ಸೂಚಿಸುವ ಪ್ರಮಾಣ ಒಬ್ಬರಿಗೆ ದಿನಕ್ಕೆ 135 ಲೀಟರ್. ನಾಲ್ವರ ಮನೆಗೆ 540 ಲೀಟರ್. ಭಾಗಿಸಿದರೆ ಸುಮಾರು 130 ದಿನ.

ಈಗ ಮಗುವಿನ ಕೈಯಲ್ಲಿ ಗಟ್ಟಿಯಾದ ಆಧಾರವಿದೆ, ಮತ್ತು ಅದೇ ಆಧಾರ ಅದರ ಮೂಲ ಹೇಳಿಕೆ ಅತಿಯಾಗಿತ್ತೆಂದೂ ತೋರಿಸುತ್ತದೆ. ನೂರ ಮೂವತ್ತು ದಿನವೆಂದರೆ ಸುಮಾರು ನಾಲ್ಕು ತಿಂಗಳು, ಇಡೀ ವರ್ಷವಲ್ಲ. ಇದಲ್ಲದೆ, ಮಳೆ ವರ್ಷವಿಡೀ ಸಮನಾಗಿ ಬೀಳುವುದಿಲ್ಲವಾದ್ದರಿಂದ ಅಷ್ಟೂ ನೀರನ್ನು ತುಂಬಿಡಲು ದೊಡ್ಡ ಸಂಪು ಬೇಕು. ಹತ್ತು ಅಂತಸ್ತಿನ ಅಪಾರ್ಟ್‌ಮೆಂಟಿನಲ್ಲಿ ಒಂದೇ ಚಾವಣಿಯ ನೀರನ್ನು ಹಲವು ಮನೆಗಳು ಹಂಚಿಕೊಳ್ಳಬೇಕಾಗುವುದರಿಂದ ಒಂದೊಂದು ಮನೆಯ ಪಾಲು ತೀರಾ ಕಡಿಮೆಯಾಗುತ್ತದೆ. ಇವನ್ನೆಲ್ಲ ಯೋಚಿಸಿದ ಮೇಲೆ ಮಗು ಬರೆಯಬಹುದಾದ ಪ್ಯಾರಾ ಹೀಗಿರಬಹುದು:

‘ಸ್ವಂತ ಚಾವಣಿಯಿರುವ ಮನೆಯವರು ಮಳೆನೀರನ್ನು ಸಂಗ್ರಹಿಸಿದರೆ ಕಾವೇರಿ ನೀರಿನ ಮೇಲಿನ ಅವಲಂಬನೆಯನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿಕೊಳ್ಳಬಹುದು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆಯಾಗುತ್ತದೆ. ನನ್ನ ಲೆಕ್ಕದಂತೆ ಸಾವಿರ ಚದರ ಅಡಿಯ ಚಾವಣಿಯಿಂದ 72,000 ಲೀಟರ್ ನೀರು ಸಿಗುತ್ತದೆ. ನಾಲ್ಕು ಜನರ ಕುಟುಂಬಕ್ಕೆ ಅದು ಸುಮಾರು 130 ದಿನಗಳಿಗೆ ಸಾಕು. ಕಾವೇರಿ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಮೇಲಕ್ಕೆ ಎತ್ತಿ ತರಬೇಕು, ಚಾವಣಿಯ ನೀರಿಗೆ ಆ ಖರ್ಚಿಲ್ಲ. ಆದರೆ ಎತ್ತರದ ಅಪಾರ್ಟ್‌ಮೆಂಟುಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಅನೇಕ ಮನೆಗಳಿಗೆ ಇರುವುದು ಒಂದೇ ಚಾವಣಿ.’

ಕೊನೆಯ ವಾಕ್ಯವನ್ನು ಗಮನಿಸಿ. ತನ್ನ ಮಾತಿನ ಮಿತಿಯನ್ನು ತಾನೇ ಹೇಳಿಕೊಂಡ ಪ್ಯಾರಾವನ್ನು ಓದುಗರು ಹೆಚ್ಚು ನಂಬುತ್ತಾರೆ. ವಿರುದ್ಧವಾದ ಮಾಹಿತಿ ಸಿಕ್ಕಾಗ ಅದನ್ನು ಬಚ್ಚಿಡದೆ ಪ್ಯಾರಾದಲ್ಲೇ ಸೇರಿಸಿ ಉತ್ತರ ಕೊಡುವುದನ್ನು ಕಲಿಸಲು ಇದಕ್ಕಿಂತ ಸರಳವಾದ ದಾರಿ ಇಲ್ಲ. ಕಾನೂನಿನ ಆಧಾರವೂ ಬೇಕೆನಿಸಿದರೆ, 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿರುವುದನ್ನು ಸೇರಿಸಬಹುದು; ಆದರೆ ನಿಯಮವಿದೆ ಎಂಬುದು ಎಲ್ಲರೂ ಅದನ್ನು ಪಾಲಿಸುತ್ತಿದ್ದಾರೆ ಎಂಬುದಕ್ಕೆ ಆಧಾರವಲ್ಲವೆಂದು ಮಗುವಿಗೆ ನೆನಪಿಸಿ. ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನವಿದೆ. ಅಲ್ಲಿಗೆ ಹೋಗಿ ಬಂದು ‘ನಾನು ಅಲ್ಲಿ ಕಂಡಂತೆ’ ಎಂದು ಬರೆಯುವುದೂ ಒಪ್ಪತಕ್ಕ ಆಧಾರವೇ.

ಮೂಲವನ್ನು ಹೇಳುವುದು, ಅಂಕ ಕೊಡುವುದು

ಗೈಡಿನಿಂದಲೋ ಜಾಲತಾಣದಿಂದಲೋ ಸಾಲುಗಳನ್ನು ಹಾಗೆಯೇ ಇಳಿಸಿಕೊಳ್ಳುವುದನ್ನು ತಪ್ಪಿಸಬೇಕಾದರೆ, ಓದಿದ ಪುಟವನ್ನು ಮುಚ್ಚಿಟ್ಟು ನೆನಪಿನಿಂದ ತನ್ನ ಮಾತಿನಲ್ಲಿ ಬರೆದು, ಆಮೇಲೆ ಪುಟ ತೆರೆದು ಅಂಕಿ ಮತ್ತು ಹೆಸರುಗಳನ್ನು ಸರಿನೋಡುವ ಕ್ರಮವನ್ನು ರೂಢಿಸಿ. ಮೂಲದ ಪದಗಳೇ ಮುಖ್ಯವಾದಾಗ ಮಾತ್ರ ಉದ್ಧರಣ ಚಿಹ್ನೆ ಹಾಕಿ ಒಂದೆರಡು ಸಾಲು ಎತ್ತಿಕೊಳ್ಳಲಿ. ಎಲ್ಲಿಂದ ತಿಳಿಯಿತು ಎಂಬುದನ್ನು ವಾಕ್ಯದೊಳಗೇ ಹೇಳುವುದು ಈ ವಯಸ್ಸಿಗೆ ಸಾಕು: ‘2011ರ ಜನಗಣತಿಯ ಪ್ರಕಾರ’, ‘ನಮ್ಮ ಬೀದಿಯ ಹೂವಿನ ಅಂಗಡಿಯವರು ನನಗೆ ಹೇಳಿದಂತೆ’, ‘ನಾನು ಎಣಿಸಿದಂತೆ’.

ಆಧಾರ ಸಿಗದ ವಾಕ್ಯವನ್ನು ಏನು ಮಾಡಬೇಕೆಂದು ಮಕ್ಕಳು ಕೇಳುತ್ತಾರೆ. ಅದು ಅಭಿಪ್ರಾಯವಾಗಿದ್ದರೆ ‘ನನಗೆ ಅನಿಸುವುದೇನೆಂದರೆ’ ಎಂದು ಬರೆದು ಉಳಿಸಿಕೊಳ್ಳಬಹುದು; ಸಂಗತಿಯಾಗಿದ್ದರೆ ತೆಗೆದುಹಾಕಬೇಕು.

ತಿದ್ದುವಾಗ ಶಿಕ್ಷಕರು ಕೆಂಪು ಗೆರೆಗಳಿಂದ ಪುಟ ತುಂಬಿಸುವ ಬದಲು, ಆಧಾರವಿಲ್ಲದ ಪ್ರತಿ ವಾಕ್ಯದ ಪಕ್ಕದಲ್ಲಿ ‘ಇದು ನಿನಗೆ ಹೇಗೆ ಗೊತ್ತಾಯಿತು?’ ಎಂಬ ಒಂದೇ ಪ್ರಶ್ನೆಯನ್ನು ಬರೆದು ಹಿಂದಿರುಗಿಸಿ, ಎರಡನೆಯ ಪ್ರತಿಯನ್ನು ಕೇಳಿ. ಹತ್ತು ಅಂಕಗಳ ಪ್ರಬಂಧದಲ್ಲಿ ನಾಲ್ಕನ್ನಾದರೂ ಆಧಾರ ಮತ್ತು ವಿವರಣೆಗೆ ಮೀಸಲಿಡಿ. ಪುಟಗಳ ಸಂಖ್ಯೆಗೆ ಅಂಕ ಬೇಡ. ನಾಲ್ಕು ಪುಟ ಅಲಂಕಾರವಾಗಿ ಬರೆದ ಮಗುವಿಗಿಂತ ಒಂದೂವರೆ ಪುಟದಲ್ಲಿ ಎರಡು ಸಂಗತಿಗಳನ್ನು ಸಿದ್ಧಪಡಿಸಿದ ಮಗುವಿಗೆ ಹೆಚ್ಚು ಅಂಕ ಬಂದಾಗ ತರಗತಿಯಲ್ಲಿ ಪ್ರಶ್ನೆಗಳು ಏಳುತ್ತವೆ. ಆಗ ಎರಡೂ ಪ್ರಬಂಧಗಳನ್ನು, ಬರೆದವರ ಹೆಸರು ಹೇಳದೆ, ಗಟ್ಟಿಯಾಗಿ ಓದಿಸಿ, ಯಾವುದರ ಯಾವ ವಾಕ್ಯವನ್ನು ನಂಬುತ್ತೀರಿ, ಏಕೆ ನಂಬುತ್ತೀರಿ ಎಂದು ಮಕ್ಕಳನ್ನೇ ಕೇಳಿ. ಮನೆಯಲ್ಲಿ ಪ್ರಾಜೆಕ್ಟಿಗೆ ನೆರವಾಗುವ ತಂದೆತಾಯಂದಿರೂ ಉತ್ತರವನ್ನು ಹುಡುಕಿ ಕೊಡುವ ಬದಲು ಇದೇ ಪ್ರಶ್ನೆಯನ್ನು ಕೇಳಿ, ದಾಖಲೆ ಇರುವ ಜಾಗಕ್ಕೆ ಮಗುವಿನ ಜೊತೆ ಹೋಗಿ, ನೋಡುವ ಮತ್ತು ಬರೆದುಕೊಳ್ಳುವ ಕೆಲಸವನ್ನು ಮಗುವಿಗೇ ಬಿಡಬೇಕು.